ಸುಲಭದ ಬಾಲಿನ ಭಯ: ಒಬ್ಬ ಹವ್ಯಾಸಿ ಗೋಲ್‌ಕೀಪರ್‌ನ ಮೂರು ಏಪ್ರಿಲ್‌ಗಳು

ಪಂದ್ಯಕ್ಕೆ ಇನ್ನೂ ಐವತ್ತು ನಿಮಿಷ ಇತ್ತು. ಪೂವಯ್ಯ ಗ್ಯಾಲರಿಯ ಹಿಂದಿನ ನೆರಳಲ್ಲಿ ಕೂತು ಎಡಗಾಲಿನ ಪ್ಯಾಡ್ ಕಟ್ಟುತ್ತಿದ್ದರು. ಮೇಲಿನ ಕೊಂಡಿ ಸಿಕ್ಕಿತು. ಎರಡನೆಯದು ಸಿಗಲಿಲ್ಲ. ಪಟ್ಟಿ ಕೈಯಲ್ಲಿದೆ, ಕೊಂಡಿ ಕಣ್ಣೆದುರಿಗೇ ಇದೆ, ಆದರೆ ಬೆರಳು ನಡುಗಿ ನಡುಗಿ ಪಕ್ಕಕ್ಕೆ ಹೋಗುತ್ತಿದೆ. ನಾಲ್ಕು ಸಲ ನೋಡಿದರು. ಆಮೇಲೆ ಕಟ್ಟಿದ್ದನ್ನೂ ಬಿಚ್ಚಿಟ್ಟು ಎದ್ದು ಶೌಚಾಲಯದ ಕಡೆ ನಡೆದರು. ಬೆಳಿಗ್ಗೆಯಿಂದ ಅದು ಐದನೇ ಸಲ.

ಅದು ಕೊಡಗಿನ ಹಾಕಿ ಹಬ್ಬದಲ್ಲಿ ಕೀಪರ್ ಆಗಿ ಅವರ ಎರಡನೇ ಏಪ್ರಿಲ್. ಆ ದಿನ ನಾನು ಪಕ್ಕದಲ್ಲೇ ಇದ್ದೆ, ಏನೂ ಸಹಾಯ ಮಾಡಲಿಲ್ಲ. 'ರಿಲ್ಯಾಕ್ಸ್ ಆಗಿ' ಅಂದೆ ಅಷ್ಟೇ. ಆ ಮಾತು ಎಷ್ಟು ನಿಷ್ಪ್ರಯೋಜಕ ಅಂತ ಗೊತ್ತಾಗಲು ನನಗೆ ಇನ್ನೊಂದು ವರ್ಷ ಬೇಕಾಯಿತು. ಆ ವರ್ಷದಲ್ಲಿ ಏನೇನು ಮಾಡಿದೆವು, ಯಾವುದು ನಡೆಯಿತು, ಯಾವುದು ಕೆಟ್ಟಿತು ಅಂತ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಪೂವಯ್ಯ ಅನ್ನುವುದು ನಾನು ಇಟ್ಟ ಹೆಸರು. ಅವರ ಮನೆತನ, ಊರು, ಆಡಿದ ವರ್ಷ ಯಾವುದನ್ನೂ ಹೇಳುವುದಿಲ್ಲ. ಬರೆಯುವ ಮುಂಚೆ ಅವರಿಗೆ ಓದಿ ಹೇಳಿ ಒಪ್ಪಿಗೆ ತಗೊಂಡಿದ್ದೇನೆ.

ನನ್ನ ಬಗ್ಗೆ ಒಂದು ಮಾತು. ನಾನು ಮನಶ್ಶಾಸ್ತ್ರ ಓದಿದವನಲ್ಲ. ಹದಿನೈದು ವರ್ಷ ಬೆಂಗಳೂರಿನಲ್ಲಿ ಗೋಲ್ ಕಾದವನು. ಮೊಣಕಾಲು ಕೈಕೊಟ್ಟ ಮೇಲೆ ಭಾನುವಾರದ ತಂಡಗಳ ಕೀಪರ್‌ಗಳಿಗೆ ಅಭ್ಯಾಸ ಮಾಡಿಸುತ್ತೇನೆ. ಪೂವಯ್ಯ ನನಗೆ ಸಿಕ್ಕಿದ್ದೂ ಹಾಗೇ.

ಹಿನ್ನೆಲೆ

ಕೊಡಗಿನ ಹಾಕಿ ಹಬ್ಬದ ಬಗ್ಗೆ ಗೊತ್ತಿಲ್ಲದವರಿಗೆ ಈ ಕಥೆಯ ಭಾರ ತಿಳಿಯುವುದಿಲ್ಲ. ಕೊಡವ ಮನೆತನಗಳ ನಡುವೆ ನಡೆಯುವ ಈ ಟೂರ್ನಿಯನ್ನು 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದರು. ಮೊದಲ ವರ್ಷ 60 ಮನೆತನಗಳು ಆಡಿದವು. 2024ರಲ್ಲಿ ನಾಪೋಕ್ಲುವಿನಲ್ಲಿ ಆಡಿದ ತಂಡಗಳು 360, ಅದು ಗಿನ್ನಿಸ್ ದಾಖಲೆ ಆಯಿತು. ಪ್ರತಿ ವರ್ಷ ಒಂದೊಂದು ಮನೆತನ ಹೊಣೆ ಹೊರುತ್ತದೆ, ಕಪ್‌ಗೆ ಅವರ ಹೆಸರೇ ಇರುತ್ತದೆ. ಗಂಡಸರು, ಹೆಂಗಸರು, ಶಾಲೆಯ ಮಕ್ಕಳು, ತಲೆ ನರೆತವರು ಎಲ್ಲ ಒಂದೇ ತಂಡದಲ್ಲಿ ಆಡುತ್ತಾರೆ. ಭಾರತಕ್ಕೆ ಆಡಿದವರೂ ಬಂದು ತಮ್ಮ ಮನೆತನದ ಜೆರ್ಸಿ ಹಾಕುತ್ತಾರೆ.

ಮುಖ್ಯವಾದ ವಿಷಯ ಏನಂದರೆ ಇದು ನಾಕೌಟ್. ಸೋತರೆ ಮನೆಗೆ. ಮತ್ತೆ ಆಡಬೇಕಂದರೆ ಒಂದು ವರ್ಷ ಕಾಯಬೇಕು. ಭಾನುವಾರದ ಲೀಗ್‌ನಲ್ಲಿ ಈ ವಾರ ಕೆಟ್ಟರೆ ಮುಂದಿನ ವಾರ ಇದೆ ಅಲ್ವಾ? ಇಲ್ಲಿ ಅದಿಲ್ಲ. ಜೊತೆಗೆ ಗ್ಯಾಲರಿಯಲ್ಲಿ ಕೂತವರು ಪ್ರೇಕ್ಷಕರಲ್ಲ. ಅಜ್ಜಿ, ಮಾವ, ಅತ್ತಿಗೆ, ಮದುವೆಯಾಗಿ ದುಬೈಗೆ ಹೋಗಿ ರಜೆಗೆ ಬಂದ ತಂಗಿ.

ಪೂವಯ್ಯ ಮೂವತ್ತೆಂಟರ ಆಸುಪಾಸಿನವರು. ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ. ಹಾಸ್ಟೆಲ್ ದಿನಗಳಲ್ಲಿ ಕೀಪರ್ ಆಗಿದ್ದರು. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ನಮ್ಮ ಬೆಂಗಳೂರಿನ ಆಶಿಶ್ ಬಲ್ಲಾಳ್ ಕೊರಿಯಾ ವಿರುದ್ಧ ಟೈಬ್ರೇಕರ್‌ನಲ್ಲಿ ಬಾಲ್ ತಡೆದು ಚಿನ್ನ ತಂದುಕೊಟ್ಟರಲ್ಲ, ಆ ಕಾಲದ ಹುಡುಗ. ಆಮೇಲೆ ಕೆಲಸ, ಮದುವೆ, ಮಗು ಅಂತ ಹದಿನಾರು ವರ್ಷ ಪ್ಯಾಡ್ ಮುಟ್ಟಿರಲಿಲ್ಲ. ಮನೆತನದ ಕೀಪರ್ ಆಗಿದ್ದ ಅಣ್ಣನ ಮೊಣಕಾಲು ಹೋಯಿತು. 'ನೀನು ನಿಲ್ಲು' ಅಂದರು. ಇವರು ಖುಷಿಯಿಂದಲೇ ಒಪ್ಪಿದರು.

ಮೊದಲ ಏಪ್ರಿಲ್‌ನಲ್ಲಿ ಅವರಿಗೆ ಅಳುಕು ಏನೂ ಇರಲಿಲ್ಲ. ಅದನ್ನು ಅವರು ಒತ್ತಿ ಹೇಳುತ್ತಾರೆ. ಪಂದ್ಯದ ನಾಲ್ಕನೇ ನಿಮಿಷದಲ್ಲಿ ಎದುರಾಳಿಯ ಒಬ್ಬ ಹುಡುಗ ಡಿ (ಗೋಲಿನ ಮುಂದಿನ ಅರ್ಧವೃತ್ತ) ಅಂಚಿನಿಂದ ಸುಮ್ನೆ ಒಂದು ಪುಶ್ ಮಾಡಿದ. ವೇಗವೇ ಇಲ್ಲ. ಪೂವಯ್ಯ ಒದೆಯಲು ಬಲಗಾಲು ಎತ್ತಿದರು. ಬಾಲ್ ಕೊನೇ ಗಳಿಗೆಯಲ್ಲಿ ಪುಟಿದು ಕಾಲಿನ ನಡುವೆ ಒಳಗೆ ಹೋಯಿತು. ಗ್ಯಾಲರಿ ಒಂದು ಕ್ಷಣ ಸ್ತಬ್ಧ. ಆ ಮೌನದಲ್ಲಿ ಒಂದೇ ಒಂದು ದನಿ, 'ಅಯ್ಯೋ' ಅಂತ. ವಯಸ್ಸಾದ ಗಂಡಸಿನ ದನಿ. ಪಂದ್ಯ 4-0ಯಲ್ಲಿ ಹೋಯಿತು.

ಸಮಸ್ಯೆ

ಮುಂದಿನ ವರ್ಷ ಮಾರ್ಚ್ ಎರಡನೇ ವಾರದಿಂದಲೇ ಶುರುವಾಯಿತು. ಮೀಟಿಂಗ್‌ನಲ್ಲಿ ಕೂತಿದ್ದಾಗ ಆ 'ಅಯ್ಯೋ' ಕೇಳಿಸುವುದು. ರಾತ್ರಿ ಮೂರಕ್ಕೆ ಎಚ್ಚರ. ಏಪ್ರಿಲ್ ಬಂದಂತೆ ಊಟ ಸೇರದು. ಪಂದ್ಯದ ದಿನ ಹೊಟ್ಟೆ ಕೆಟ್ಟಿತು, ಅಂಗೈ ತಣ್ಣಗಾಯಿತು, ಮತ್ತೆ ಮತ್ತೆ ಆಕಳಿಕೆ. ಆಕಳಿಕೆ ನೋಡಿ ನಿದ್ದೆ ಆಗಿಲ್ಲ ಅಂದುಕೊಂಡೆವು. ಆದರೆ ಉದ್ವೇಗದಲ್ಲಿ ಇರುವವರಿಗೂ ಆಕಳಿಕೆ ಬರುತ್ತದೆ. ಪಂದ್ಯಕ್ಕೆ ಮುಂಚೆ ಸಾಲಾಗಿ ಆಕಳಿಸುವ ಆಟಗಾರರನ್ನು ಬೇಕಾದಷ್ಟು ನೋಡಿದ್ದೇನೆ.

ಇದೆಲ್ಲ ಯಾಕೆ ಆಗುತ್ತದೆ ಅಂತ ತಿಳಿದುಕೊಳ್ಳುವುದು ಒಳ್ಳೆಯದು. ಅಪಾಯ ಬಂತು ಅಂತ ದೇಹ ಅಂದುಕೊಂಡಾಗ ಅಡ್ರಿನಲಿನ್ ಬಿಡುತ್ತದೆ. ರಕ್ತ ಹೊಟ್ಟೆಯ ಕಡೆಯಿಂದ ದೊಡ್ಡ ಸ್ನಾಯುಗಳ ಕಡೆ ಹೋಗುತ್ತದೆ. ಜೀರ್ಣದ ಕೆಲಸ ಹಿಂದೆ ಬೀಳುತ್ತದೆ. ಚರ್ಮಕ್ಕೆ ಹೋಗುವ ರಕ್ತ ಕಡಿಮೆಯಾಗಿ ಕೈ ತಣ್ಣಗಾಗುತ್ತದೆ. ಬೆರಳಿನ ನಾಜೂಕು ಕೆಲಸ ಕೆಡುತ್ತದೆ. ಓಡುವ ಫಾರ್ವರ್ಡ್‌ಗೆ ಈ ಶಕ್ತಿ ಮೊದಲ ಎರಡು ನಿಮಿಷದಲ್ಲೇ ಖರ್ಚಾಗುತ್ತದೆ. ಕೀಪರ್‌ಗೆ ಖರ್ಚು ಮಾಡುವ ದಾರಿಯೇ ಇಲ್ಲ. 3.66 ಮೀಟರ್ ಅಗಲ, 2.14 ಮೀಟರ್ ಎತ್ತರದ ಗೋಲಿನ ಮುಂದೆ ನಿಂತು ಕಾಯಬೇಕು. ಆಟಗಾರರಲ್ಲಿ ನಮಗೇ ಈ ಕಷ್ಟ ಜಾಸ್ತಿ ಅಂತ ನಾನು ನಂಬಿದ್ದೇನೆ.

ಎರಡನೇ ವರ್ಷದ ಪಂದ್ಯ 2-1ಕ್ಕೆ ಸೋತರು. ಅಂಕೆ ನೋಡಿದರೆ ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಪಂದ್ಯ ಮುಗಿದ ಮೇಲೆ ಎಡಗಡೆಯ ಫುಲ್ ಬ್ಯಾಕ್ ಬಂದು, ಸಿಟ್ಟಿಲ್ಲದೆ, ಒಂದು ಮಾತು ಹೇಳಿದ. 'ನೀನು ಇವತ್ತು ಒಂದು ಸಲಾನೂ ನನ್ನ ಹೆಸರು ಕರೀಲಿಲ್ಲ.' ಎರಡನೇ ಗೋಲ್ ಹೊಡೆದವನು ಅವನ ಬೆನ್ನ ಹಿಂದಿನಿಂದಲೇ ಬಂದಿದ್ದ. ಪೂವಯ್ಯನವರಿಗೆ ಅದು ಕಂಡಿತ್ತು. ಬಾಯಿಂದ ಶಬ್ದ ಬಂದಿರಲಿಲ್ಲ.

ಆ ರಾತ್ರಿ ಅವರು ಆಟ ಬಿಡುತ್ತೇನೆ ಅಂದರು.

ಮಾಡಿ ಕೆಟ್ಟಿದ್ದು

ಎರಡನೇ ವರ್ಷ ಅವರು ಸುಮ್ಮನೆ ಕೂತಿರಲಿಲ್ಲ. ತಮಗೆ ತೋಚಿದ್ದೆಲ್ಲ ಮಾಡಿದ್ದರು. ಆ ಒಂದೊಂದೂ ಕೇಳಲು ಸರಿಯಾಗಿಯೇ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಗಡಿಬಿಡಿ ಬೇಡ ಅಂತ ಮೈದಾನಕ್ಕೆ ನಾಲ್ಕು ಗಂಟೆ ಮುಂಚೆ ಬಂದರು. ಕೂತು ಬೇರೆಯವರ ಪಂದ್ಯ ನೋಡಿದರು. ಬೇರೆ ಕೀಪರ್‌ಗೆ ಗೋಲ್ ಆದಾಗಲೆಲ್ಲ ಇವರ ಹೊಟ್ಟೆ ಕಿವುಚಿತು. ನಾಲ್ಕು ಗಂಟೆ ಅಳುಕಿಗೆ ಮೇವು ಹಾಕಿದ ಹಾಗಾಯಿತು.

ನಡುಕಕ್ಕೆ ಕಾಫಿಯೇ ಕಾರಣ ಅಂತ ಯಾರೋ ಹೇಳಿದರು. ದಿನಾ ಮೂರು ಲೋಟ ಕುಡಿಯುವ ಮನುಷ್ಯ, ಕಾಫಿ ತೋಟದ ಮನೆಯವರು, ಪಂದ್ಯದ ಹಿಂದಿನ ದಿನದಿಂದ ಪೂರ್ತಿ ಬಿಟ್ಟರು. ಬೆಳಿಗ್ಗೆ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ರೂಢಿಯಾದ ಕೆಫೀನ್ ಒಮ್ಮೆಗೇ ನಿಂತರೆ ತಲೆನೋವು ಬರುವುದು ಸಹಜ.

ಹೊಟ್ಟೆ ಕೆಡುತ್ತದೆ ಅಂತ ಏನೂ ತಿನ್ನಲಿಲ್ಲ. ಮಧ್ಯಾಹ್ನದ ಪಂದ್ಯಕ್ಕೆ ಖಾಲಿ ಹೊಟ್ಟೆಯಲ್ಲಿ ನಿಂತರು. ಹಿಂದಿನ ರಾತ್ರಿ ಸ್ಫೂರ್ತಿಗೆ ಅಂತ ಭಾರತದ ಗೋಲ್ ಕಾದ ಶ್ರೀಜೇಶ್ ಅವರ ವಿಡಿಯೊಗಳನ್ನು ಒಂದು ಗಂಟೆವರೆಗೆ ನೋಡಿದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜರ್ಮನಿ ಜೊತೆ 5-4 ಇದ್ದಾಗ ಕೊನೇ ಸೆಕೆಂಡುಗಳಲ್ಲಿ ಪೆನಾಲ್ಟಿ ಕಾರ್ನರ್ ತಡೆದಿದ್ದು, ಅದನ್ನು ಎಷ್ಟು ಸಲ ನೋಡಿದರೂ ಮೈ ಜುಮ್ ಅನ್ನುತ್ತದೆ. ಆದರೆ ಮಲಗುವ ಹೊತ್ತಿಗೆ ಪೂವಯ್ಯನ ತಲೆಯಲ್ಲಿ ಇದ್ದ ಪ್ರಶ್ನೆ ಒಂದೇ, 'ಅವರೆಲ್ಲಿ, ನಾನೆಲ್ಲಿ?'

ವಾರ್ಮ್ ಅಪ್ ಕಥೆ ಇನ್ನೂ ಕೆಟ್ಟದ್ದು. ಹವ್ಯಾಸಿ ತಂಡಗಳಲ್ಲಿ ಇದನ್ನು ಎಲ್ಲ ಕಡೆ ನೋಡಿದ್ದೇನೆ. ಕೀಪರ್ ಗೋಲಿನಲ್ಲಿ ನಿಂತ ತಕ್ಷಣ ಫಾರ್ವರ್ಡ್‌ಗಳೆಲ್ಲ ಸಾಲು ಹಚ್ಚಿ ತಮ್ಮ ಹೊಡೆತ ಬಿಗಿ ಮಾಡಿಕೊಳ್ಳುತ್ತಾರೆ. ಆ ದಿನ ತಂಡದ ಗಟ್ಟಿ ಹುಡುಗ ಹತ್ತು ಡ್ರ್ಯಾಗ್ ಫ್ಲಿಕ್ (ಸ್ಟಿಕ್‌ನಿಂದ ಬಾಲ್ ಎಳೆದು ಜೋರಾಗಿ ಎಸೆಯುವ ಹೊಡೆತ) ಹೊಡೆದ. ಎಂಟು ಒಳಗೆ. ಅವನಿಗೆ ಖುಷಿ. ಕೀಪರ್‌ನ ಕಾಲು ಇನ್ನೂ ಬಿಸಿಯಾಗಿಲ್ಲ, ಕಣ್ಣು ಹೊಂದಿಕೊಂಡಿಲ್ಲ, ಆಗಲೇ ಎಂಟು ಗೋಲ್ ತಿಂದಾಗಿದೆ.

ಸೋತು ಬಂದ ಮೇಲೆ ಒಬ್ಬ ನೆಂಟರು ಮಾತ್ರೆ ಕೊಟ್ಟರು. ಪ್ರೊಪ್ರನಲಾಲ್, ಎದೆಬಡಿತ ಇಳಿಸುವ ಬೀಟಾ ಬ್ಲಾಕರ್. 'ಭಾಷಣಕ್ಕೆ ಮುಂಚೆ ನಾನೂ ತಗೊಳ್ತೀನಿ, ಏನೂ ಆಗಲ್ಲ' ಅಂದರಂತೆ. ಅದನ್ನು ನುಂಗುವ ಮುಂಚೆ ಪೂವಯ್ಯ ನನಗೆ ಹೇಳಿದ್ದು ದೊಡ್ಡ ಪುಣ್ಯ. ಅವರಿಗೆ ಚಿಕ್ಕಂದಿನಲ್ಲಿ ಉಬ್ಬಸ ಇತ್ತು, ಈಗಲೂ ಚಳಿಗಾಲದಲ್ಲಿ ಇನ್‌ಹೇಲರ್ ಬೇಕು. ಈ ಮಾತ್ರೆ ಉಬ್ಬಸ ಇರುವವರ ಶ್ವಾಸನಾಳ ಬಿಗಿಯುವಂತೆ ಮಾಡಬಹುದು. ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು ಖಡಾಖಂಡಿತ ಬೇಡ ಅಂದರು. ಜೊತೆಗೆ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿದರು. ಕೈ ನಡುಕ, ಎದೆ ಡವಡವ, ಪದೇ ಪದೇ ಹೊಟ್ಟೆ ಕೆಡುವುದು ಥೈರಾಯ್ಡ್ ಜಾಸ್ತಿಯಾದಾಗಲೂ ಬರುತ್ತದೆ. ವರದಿ ಸರಿಯಾಗಿತ್ತು. ಅಲ್ಲಿಗೆ ಒಂದು ಅನುಮಾನ ಕಳೆಯಿತು.

ಒಂದು ಪ್ರಶ್ನೆ

ಆಟ ಬಿಡುವುದಾದರೆ ಬಿಡಿ, ಅದಕ್ಕೆ ಮುಂಚೆ ಒಂದು ಭಾನುವಾರ ಬನ್ನಿ ಅಂದೆ. ಜೂನ್ ತಿಂಗಳು. ಅಭ್ಯಾಸ ಮುಗಿದು ಎಲ್ಲರೂ ಹೋದ ಮೇಲೆ ಟರ್ಫ್ (ಕೃತಕ ಹುಲ್ಲಿನ ಮೈದಾನ) ಪಕ್ಕದ ಬೆಂಚಿನಲ್ಲಿ ಕೂತೆವು. ನಾನು ಕೇಳಿದೆ, 'ನಿಮಗೆ ಹೆದರಿಕೆ ಯಾವುದಕ್ಕೆ? ಬಾಲ್ ಮೈಗೆ ಬೀಳುತ್ತೆ ಅಂತಾನಾ?'

'ಅಲ್ಲ.' ನಿಜವೇ. 156ರಿಂದ 163 ಗ್ರಾಂ ತೂಕದ ಗಟ್ಟಿ ಬಾಲ್ ಎದೆಗೆ ಬಡಿದರೂ ಈ ಮನುಷ್ಯ ಮಿಸುಕುವುದಿಲ್ಲ.

'ಡ್ರ್ಯಾಗ್ ಫ್ಲಿಕ್?'

'ಅದಕ್ಕೂ ಅಲ್ಲ. ಅದು ಹೋದ್ರೆ ಯಾರೂ ಏನೂ ಅನ್ನಲ್ಲ.'

'ಮತ್ತೆ?'

ತುಂಬ ಹೊತ್ತು ಸುಮ್ಮನಿದ್ದರು. ಹೆಲ್ಮೆಟ್‌ನ ಕಂಬಿಗೆ ಅಂಟಿದ್ದ ಟರ್ಫಿನ ಎಳೆಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ಆಮೇಲೆ ಹೇಳಿದರು. 'ಸುಲಭದ ಬಾಲ್.'

ಇಡೀ ಪ್ರಕರಣದಲ್ಲಿ ಎಲ್ಲ ತಿರುಗಿದ್ದು ಇಲ್ಲಿ. ಅಲ್ಲಿಯವರೆಗೆ ನಾವೆಲ್ಲ 'ಟೆನ್ಷನ್' ಅಂತ ಒಂದೇ ಪದ ಹಿಡಿದು ಅದನ್ನು ಇಳಿಸಲು ನೋಡುತ್ತಿದ್ದೆವು. ಅದು ಏನು ಹೇಳುತ್ತಿದೆ ಅಂತ ಯಾರೂ ಕೇಳಿರಲಿಲ್ಲ. ಕೇಳಿದಾಗ ಅದು ಬಹಳ ಖಚಿತವಾದ ಒಂದು ವಿಷಯ ಹೇಳಿತು. ನಿಧಾನಕ್ಕೆ ಬರುವ ಬಾಲ್ ಕಾಲಿನ ನಡುವೆ ಹೋಗುತ್ತದೆ, ಎಲ್ಲರೂ ನೋಡುತ್ತಾರೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಯೋಚಿಸಿದಾಗ ನನಗೆ ಹೊಳೆಯಿತು. ಆ ಹೆದರಿಕೆ ಸುಳ್ಳಲ್ಲ. ಪೂವಯ್ಯ ಬೆಂಗಳೂರಿನಲ್ಲಿ ಅಭ್ಯಾಸ ಮಾಡುವುದು ನೀರು ಹಾಕಿದ ಟರ್ಫಿನ ಮೇಲೆ. ಬಾಲ್ ಗೆರೆ ಎಳೆದ ಹಾಗೆ ಬರುತ್ತದೆ. ಬಂದ ಬಾಲನ್ನು ನೇರ ಕಿಕ್ಕರ್‌ನಿಂದ (ಕೀಪರ್ ಶೂ ಮೇಲೆ ಹಾಕುವ ದಪ್ಪ ಕವಚ) ಪಕ್ಕಕ್ಕೆ ಒದ್ದು ಕಳಿಸಬಹುದು. ಊರಿನಲ್ಲಿ ಆಡುವುದು ಹುಲ್ಲಿನ ಮೈದಾನದಲ್ಲಿ. ದಿನಕ್ಕೆ ಎಷ್ಟೋ ಪಂದ್ಯ ನಡೆದು ಗೋಲಿನ ಮುಂದೆ ಹುಲ್ಲು ಸವೆದಿರುತ್ತದೆ. ಬಾಲ್ ಕೊನೇ ಒಂದು ಮಾರಿನಲ್ಲಿ ಪುಟಿಯುತ್ತದೆ. ಟರ್ಫಿನ ಸುಲಭದ ಬಾಲ್ ಅಲ್ಲಿ ಸುಲಭದ್ದಲ್ಲ. ಅವರ ಹೊಟ್ಟೆಗೆ ಅದು ಗೊತ್ತಿತ್ತು. ನಮ್ಮ ತಲೆಗೆ ಗೊತ್ತಿರಲಿಲ್ಲ.

ಆಮೇಲೆ ಮಾಡಿದ್ದು

ಟರ್ಫ್ ಬಿಟ್ಟೆವು. ಪೂರ್ತಿ ಅಲ್ಲ, ತಿಂಗಳಲ್ಲಿ ಎರಡು ಭಾನುವಾರ. ಒಂದು ಶಾಲೆಯ ಮಣ್ಣಿನ ಮೈದಾನ ಕೇಳಿಕೊಂಡೆವು. ಅಲ್ಲಿ ಬೆಳಿಗ್ಗೆ ಆರೂವರೆಗೆ ನಾನು ಐವತ್ತು ಬಾಲ್ ಉರುಳಿಸುತ್ತಿದ್ದೆ. ಸುಮ್ನೆ ಕೈಯಲ್ಲಿ, ನಿಧಾನಕ್ಕೆ. ಮೂವತ್ತೆಂಟು ವರ್ಷದವರಿಗೆ ಇದು ಮಕ್ಕಳಾಟ ಅನ್ನಿಸಬಹುದು. ಮೊದಲ ದಿನ ಐವತ್ತರಲ್ಲಿ ಏಳು ತಪ್ಪಿದವು. ಅವರ ಮುಖದಲ್ಲಿ ನಾಚಿಕೆಗಿಂತ ಸಮಾಧಾನ ಕಂಡಿತು. ಕಾರಣ ಸಿಕ್ಕಿತಲ್ಲ.

ಈ ನಡುವೆ ದೀಪಾವಳಿ ರಜೆಗೆ ಊರಿಗೆ ಹೋದಾಗ ಇನ್ನೊಂದು ಘಟನೆ. 'ಅಯ್ಯೋ' ಅಂದ ದನಿ ಯಾರದು ಅಂತ ಅವರಿಗೆ ಮೊದಲೇ ಗೊತ್ತಿತ್ತು. ಮನೆತನದ ಹಿರಿಯರು ಒಬ್ಬರು, ಸೈನ್ಯದಲ್ಲಿದ್ದು ನಿವೃತ್ತರಾದವರು. ಎರಡು ವರ್ಷದಿಂದ ಪೂವಯ್ಯ ಅವರ ಕಣ್ಣು ತಪ್ಪಿಸಿ ಓಡಾಡುತ್ತಿದ್ದರು. ಈ ಸಲ ಧೈರ್ಯ ಮಾಡಿ ಪಕ್ಕ ಹೋಗಿ ಕೂತು, ಹುಲ್ಲಿನಲ್ಲಿ ಬಾಲ್ ತಡೆಯುವುದು ಹೇಗೆ ಅಂತ ಕೇಳಿದರು. ಆ ಹಿರಿಯರು ತಮ್ಮ ರೆಜಿಮೆಂಟ್ ತಂಡಕ್ಕೆ ಕೀಪರ್ ಆಗಿದ್ದವರು! ಪೂವಯ್ಯನಿಗೆ ಅದೇ ಗೊತ್ತಿರಲಿಲ್ಲ. ಅವರು ಅಂಗಳದಲ್ಲಿ ಎದ್ದು ನಿಂತು ಎರಡೂ ಕಾಲು ಜೋಡಿಸಿ, ಸ್ವಲ್ಪ ಮಂಡಿ ಬಗ್ಗಿಸಿ ತೋರಿಸಿದರು. 'ಮೊದಲು ತಡೆ. ಎರಡೂ ಪ್ಯಾಡ್. ಬಾಲ್ ಸತ್ತ ಮೇಲೆ ಒದೆ. ಒಂದೇ ಏಟಿಗೆ ಎರಡು ಕೆಲಸ ಹುಲ್ಲಿನಲ್ಲಿ ಆಗಲ್ಲ.' ಆಮೇಲೆ ಆ ಗೋಲಿನ ಮಾತೂ ಬಂತು. 'ಅದು ನೋಡಿದಾಗ ನಂಗೆ ನನ್ನದೇ ಒಂದು ಗೋಲ್ ನೆನಪಾಯ್ತು' ಅಂದರಂತೆ.

ಇದನ್ನು ನನಗೆ ಫೋನಿನಲ್ಲಿ ಹೇಳುವಾಗ ಪೂವಯ್ಯನ ದನಿ ಬೇರೆಯೇ ಆಗಿತ್ತು.

ಹೊಟ್ಟೆಯ ನಾಚಿಕೆ ಕಳೆಯಲು ನಾನು ಒಂದು ಕಥೆ ಹೇಳಿದ್ದೆ. ಅದು ನಮ್ಮ ಹಾಕಿಯದ್ದಲ್ಲ, ಐಸ್ ಹಾಕಿಯದ್ದು. ಕೆನಡಾದ ಗ್ಲೆನ್ ಹಾಲ್ ಅನ್ನುವ ಕೀಪರ್ 1955ರಿಂದ 1962ರವರೆಗೆ ಎನ್‌ಎಚ್‌ಎಲ್ ಅನ್ನುವ ಅಲ್ಲಿನ ದೊಡ್ಡ ಲೀಗ್‌ನಲ್ಲಿ ಒಂದೂ ಬಿಡದೆ ಸತತ 502 ಲೀಗ್ ಪಂದ್ಯ ಆಡಿದರು, ಮುಖಕ್ಕೆ ಮಾಸ್ಕ್ ಇಲ್ಲದೆ. ಅಂಥವರು ಪಂದ್ಯಕ್ಕೆ ಮುಂಚೆ ವಾಂತಿ ಮಾಡಿಕೊಳ್ಳುತ್ತಿದ್ದರು. ಅದು ಎಲ್ಲರಿಗೂ ಗೊತ್ತಿದ್ದ ವಿಷಯ, ಅವರೂ ಮುಚ್ಚಿಟ್ಟವರಲ್ಲ. ವಾಂತಿ ಆದ ದಿನವೇ ತಾನು ಚೆನ್ನಾಗಿ ಆಡುತ್ತೇನೆ ಅಂತಲೂ ಅವರು ಹೇಳಿಕೊಂಡಿದ್ದಾರೆ. ಪೂವಯ್ಯ ಇದನ್ನು ಕೇಳಿ ಬಹಳ ಹೊತ್ತು ಏನೂ ಹೇಳಲಿಲ್ಲ. 'ಹಾಗಾದ್ರೆ ಇದು ಇದ್ದೂ ಆಡಬಹುದು' ಅಂದರು ಕೊನೆಗೆ. ಅಲ್ಲಿಂದ ನಮ್ಮ ಗುರಿ ಬದಲಾಯಿತು. ಅಳುಕು ಹೋಗಲಿ ಅನ್ನುವುದು ಬಿಟ್ಟೆವು. ಅದು ಇರುವಾಗ ಕೈಗೆ, ಬಾಯಿಗೆ ಏನು ಕೆಲಸ ಕೊಡಬೇಕು ಅನ್ನುವುದನ್ನು ಹುಡುಕಿದೆವು.

ಬಾಯಿಯ ಕೆಲಸವೇ ಮೊದಲು. ಅಭ್ಯಾಸದಲ್ಲಿ ಒಂದು ನಿಯಮ ಹಾಕಿದೆ. ಪ್ರತಿ ಬಾಲಿಗೂ ಮುಂಚೆ ಒಬ್ಬ ಬ್ಯಾಕ್‌ನ ಹೆಸರು, ಒಂದು ದಿಕ್ಕು. 'ಮುತ್ತು, ಎಡಕ್ಕೆ!' ಎದುರಿಗೆ ಮುತ್ತು ಇಲ್ಲ, ನಾನೊಬ್ಬನೇ ಇದ್ದೇನೆ. ಆದರೂ ಕೂಗಬೇಕು. ಮಾತಾಡಬೇಕಂದರೆ ಉಸಿರು ಹೊರಗೆ ಬಿಡಲೇಬೇಕು. ಹೆದರಿದವರು ಉಸಿರು ಹಿಡಿದಿಟ್ಟುಕೊಳ್ಳುತ್ತಾರೆ. ಜೊತೆಗೆ ಕೂಗಬೇಕಂದರೆ ಹೊರಗೆ ನೋಡಬೇಕು. ಆಗ ತನ್ನ ಹೊಟ್ಟೆಯನ್ನೇ ನೋಡುತ್ತಾ ನಿಲ್ಲಲು ಆಗುವುದಿಲ್ಲ.

ಕೈಯ ಕೆಲಸಕ್ಕೆ ಪ್ಯಾಡ್ ಕಟ್ಟುವುದನ್ನೇ ಹಿಡಿದೆವು. ಮೊದಲು ಎಡಗಾಲು, ಕೆಳಗಿನ ಕೊಂಡಿಯಿಂದ ಮೇಲಕ್ಕೆ. ಒಂದೊಂದು ಕೊಂಡಿಗೂ ಒಂದು ಉಸಿರು. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಹೊರಗೆ ಬಿಡುವ ಉಸಿರು ಉದ್ದವಾದಾಗ ಎದೆಬಡಿತ ಇಳಿಯುತ್ತದೆ. ಇದನ್ನು ಪಂದ್ಯದ ದಿನ ಶುರು ಮಾಡಲಿಲ್ಲ. ಎಂಟು ತಿಂಗಳು ಪ್ರತಿ ಭಾನುವಾರ ಹಾಗೇ ಕಟ್ಟಿದರು.

ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ ಅವರ 2014ರ ಒಂದು ಅಧ್ಯಯನ ಓದಿದ್ದೆ. ಶಾಂತವಾಗಿರು ಅಂತ ತಮಗೆ ತಾವೇ ಹೇಳಿಕೊಂಡವರಿಗಿಂತ, ನನಗೆ ಉತ್ಸಾಹ ಆಗುತ್ತಿದೆ ಅಂತ ಹೇಳಿಕೊಂಡವರು ಭಾಷಣದಂಥ ಕೆಲಸವನ್ನು ಚೆನ್ನಾಗಿ ಮಾಡಿದರು ಅಂತ. ಪೂವಯ್ಯ ಪ್ರಯತ್ನಪಟ್ಟರು. 'ಉತ್ಸಾಹ' ಅನ್ನುವ ಪದ ಅವರ ಬಾಯಿಗೆ ಹೊಂದಲಿಲ್ಲ, ನಾಟಕ ಅನ್ನಿಸಿತು. 'ಮೈ ರೆಡಿ ಆಗ್ತಿದೆ' ಅಂತ ತಮ್ಮದೇ ಮಾತು ಮಾಡಿಕೊಂಡರು. ಅದು ಕೂತಿತು.

ಇನ್ನು ಕ್ಯಾಪ್ಟನ್ ಜೊತೆ ಮಾತು. ಇದೇ ಕಷ್ಟದ್ದು. ತಂಡದ ವಾರ್ಮ್ ಅಪ್ ಬದಲಾಗಬೇಕಿತ್ತು. ಮೊದಲ ಇಪ್ಪತ್ತು ನಿಮಿಷ ಕೀಪರ್‌ಗೆ. ಕಾಲು ಓಡಿಸುವುದು, ಕೈಯಿಂದ ಎಸೆದ ಬಾಲ್, ಆಮೇಲೆ ಉರುಳುವ ಬಾಲ್, ಆಮೇಲೆ ಡಿ ಅಂಚಿನಿಂದ ಪುಶ್. ಡ್ರ್ಯಾಗ್ ಫ್ಲಿಕ್ ಬೇಡವೇ ಬೇಡ. ಕೊನೇ ಬಾಲ್ ತಡೆದ ಮೇಲೆ ನಿಲ್ಲಿಸಬೇಕು. ಹುಡುಗರು ಗೊಣಗಿದರು, ನಾವು ಶೂಟ್ ಮಾಡೋದು ಯಾವಾಗ ಅಂತ. ಕ್ಯಾಪ್ಟನ್ ಚಿಕ್ಕ ವಯಸ್ಸಿನ ಹುಡುಗಿ, ಬಹಳ ಸ್ಪಷ್ಟವಾಗಿ ಹೇಳಿದಳು. 'ಖಾಲಿ ಗೋಲಿಗೆ ಹೊಡೀರಿ.' ಅವಳ ಆ ಒಂದು ತೀರ್ಮಾನಕ್ಕೆ ನಾನು ಇವತ್ತಿಗೂ ಋಣಿ.

ಮೂರನೇ ಏಪ್ರಿಲ್

ಬೆಳಿಗ್ಗೆ ಎಂದಿನ ಹೊತ್ತಿಗೆ ಒಂದೇ ಒಂದು ಸಣ್ಣ ಲೋಟ ಕಾಫಿ. ಪಂದ್ಯಕ್ಕೆ ಮೂರು ಗಂಟೆ ಮುಂಚೆ ಎರಡು ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಒಂದು ಬಾಳೆಹಣ್ಣು. ಪಂದಿ ಕರಿ ಪಂದ್ಯ ಮುಗಿದ ಮೇಲೆ ಅಂತ ಮನೆಯಲ್ಲಿ ಹೇಳಿಟ್ಟಿದ್ದರು. ಮೈದಾನಕ್ಕೆ ಬಂದಿದ್ದು ಎಪ್ಪತ್ತೈದು ನಿಮಿಷ ಮುಂಚೆ. ಬೇರೆ ಪಂದ್ಯದ ಕಡೆ ಬೆನ್ನು ಹಾಕಿ ಕೂತರು.

ಕೈ ನಡುಗಿತು. ಶೌಚಾಲಯಕ್ಕೆ ಮೂರು ಸಲ ಹೋದರು, ಆದರೆ ಪ್ಯಾಡ್ ಕಟ್ಟುವ ಮುಂಚೆಯೇ. ಕ್ಯಾಪ್ಟನ್ ಹತ್ತಿರ ಹೋಗಿ, 'ಕೈ ನಡುಗ್ತಿದೆ, ಹತ್ತು ನಿಮಿಷದಲ್ಲಿ ಸರಿಹೋಗುತ್ತೆ' ಅಂದರು. ಹಿಂದಿನ ವರ್ಷ ಇದನ್ನು ಮುಚ್ಚಿಡಲು ಅರ್ಧ ಶಕ್ತಿ ಹೋಗಿತ್ತು. ಅವಳು ತಲೆ ಆಡಿಸಿ ತನ್ನ ಶೂ ಲೇಸ್ ಕಟ್ಟುತ್ತಾ ಇದ್ದಳು. ಅಷ್ಟು ಸಹಜವಾಗಿ ತಗೊಂಡಳು.

ಶಿಳ್ಳೆ ಆಗುವ ಮುಂಚೆಯೇ ಪೂವಯ್ಯನ ದನಿ ಗ್ಯಾಲರಿಯವರೆಗೆ ಕೇಳುತ್ತಿತ್ತು. ಬಾಲ್ ಇನ್ನೂ ಆ ಕಡೆಯ ಅರ್ಧದಲ್ಲಿದೆ, ಇವರು ಹೆಸರು ಹಿಡಿದು ಕರೆಯುತ್ತಲೇ ಇದ್ದಾರೆ. ಆರನೇ ನಿಮಿಷದಲ್ಲಿ ಆ ಬಾಲ್ ಬಂತು. ಅದೇ ಬಾಲ್. ನಿಧಾನ, ನೇರ, ಯಾವ ದುರುದ್ದೇಶವೂ ಇಲ್ಲದ್ದು. ಅವರು ಕಾಲು ಎತ್ತಲಿಲ್ಲ. ಎರಡೂ ಪ್ಯಾಡ್ ಜೋಡಿಸಿದರು. ಬಾಲ್ ಪುಟಿಯಿತು, ಎಡ ಮೊಣಕಾಲಿನ ಹತ್ತಿರ ಬಡಿದು ಮುಂದೆ ಬಿತ್ತು, ನಿಂತಿತು. ಆಮೇಲೆ ಒದ್ದರು. ಗ್ಯಾಲರಿಯಲ್ಲಿ ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಅಂಥ ಬಾಲಿಗೆ ಯಾರು ಹೊಡೆಯುತ್ತಾರೆ? ನನ್ನ ಕಣ್ಣು ಮಾತ್ರ ಒದ್ದೆಯಾಯಿತು.

ಒಂದು ಗೋಲ್ ಬಿಟ್ಟರು, ಪೆನಾಲ್ಟಿ ಕಾರ್ನರ್‌ನಲ್ಲಿ. ಅದಕ್ಕೂ ಮೊದಲೇ ತಯಾರಿ ಇತ್ತು. ಗೋಲ್ ಆದ ಮೇಲಿನ ಇಪ್ಪತ್ತು ಸೆಕೆಂಡ್ ಏನು ಮಾಡಬೇಕು ಅಂತ. ಸ್ಟಿಕ್‌ನಿಂದ ಎರಡೂ ಕಂಬ ಮುಟ್ಟುವುದು, ಒಂದು ಗುಟುಕು ನೀರು, ನಾಲ್ಕೂ ಬ್ಯಾಕ್‌ಗಳ ಹೆಸರು ಕರೆಯುವುದು. ಪಂದ್ಯ 3-1ರಲ್ಲಿ ಗೆದ್ದರು.

ಎರಡನೇ ಸುತ್ತು ಎರಡು ದಿನ ಬಿಟ್ಟು. 1-1. ಟೈಬ್ರೇಕರ್. ಒಂದು ಬಾಲ್ ಬಲಕ್ಕೆ ಬಿದ್ದು ತಡೆದರು. ಆದರೂ ಸೋತರು, 4-3. ಅಲ್ಲಿಗೆ ಆ ವರ್ಷ ಮುಗಿಯಿತು.

ಒಂದು ಎಚ್ಚರಿಕೆ ಹೇಳಲೇಬೇಕು. ಇದು ಒಬ್ಬರ ಕಥೆ. ಪೂವಯ್ಯನ ಅಳುಕು ಏಪ್ರಿಲ್‌ಗೆ ಬಂದು ಪಂದ್ಯದ ಜೊತೆ ಹೋಗುವಂಥದ್ದು. ಕೆಲಸ, ನಿದ್ದೆ, ಮನೆ ಎಲ್ಲದಕ್ಕೂ ಹರಡಿ ತಿಂಗಳುಗಟ್ಟಲೆ ಉಳಿದರೆ ಮಣ್ಣಿನ ಮೈದಾನ ಸಾಲದು. ಆಗ ಡಾಕ್ಟರ್ ಬೇಕು, ತಡ ಮಾಡಬಾರದು. ಇನ್ನು ಬೇರೊಬ್ಬ ಕೀಪರ್‌ನ ಹೆದರಿಕೆ ಬೇರೆಯದೇ ಇರುತ್ತದೆ. ನಾನು ಈಗ ಅಭ್ಯಾಸ ಮಾಡಿಸುವ ಒಬ್ಬ ಹುಡುಗನಿಗೆ ಮೈದಾನವಿಡೀ ನೋಡುತ್ತಿದ್ದರೂ ತೊಂದರೆ ಇಲ್ಲ, ತಂದೆ ನೋಡಲು ಬಂದ ದಿನ ಮಾತ್ರ ಕೈ ಕಟ್ಟಿದ ಹಾಗೆ ಆಗುತ್ತದೆ. ಅವನಿಗೆ ಉರುಳುವ ಬಾಲ್ ಕೊಟ್ಟು ಏನು ಪ್ರಯೋಜನ? ಅವನ ತಂದೆ ಜೊತೆ ಮಾತಾಡಬೇಕು. ಒಬ್ಬೊಬ್ಬರನ್ನೂ ಹೊಸದಾಗಿಯೇ ಕೇಳಬೇಕು.

ಗೆದ್ದಿದ್ದರೂ ಸೋತಿದ್ದರೂ ನಾನು ಇದನ್ನು ಬರೆಯುತ್ತಿದ್ದೆ. ಆ ಟೈಬ್ರೇಕರ್ ಸಂಜೆ ಪೂವಯ್ಯ ಹಿರಿಯರ ಪಕ್ಕದಲ್ಲೇ ಕೂತು ಪಂದಿ ಕರಿ ಊಟ ಮಾಡಿದರು. ಇಬ್ಬರೂ ತಟ್ಟೆ ಕೆಳಗಿಟ್ಟು, ಎದ್ದು ನಿಂತು, ಮೂರನೇ ಬಾಲ್ ಯಾವ ಕಡೆ ಬಂತು ಅಂತ ಕಾಲಿನಲ್ಲಿ ತೋರಿಸಿಕೊಂಡರು.

ಮೊನ್ನೆ ಮಾರ್ಚ್ ಮೊದಲ ವಾರ. ರಾತ್ರಿ ಹತ್ತೂವರೆಗೆ ಅವರ ಫೋನ್ ಬಂತು.

'ಶುರುವಾಯ್ತು' ಅಂದರು.

'ಏನು ಹೇಳ್ತಿದೆ?'

ಸ್ವಲ್ಪ ಯೋಚಿಸಿದರು. 'ಈ ಸಲ ಎಡಗಡೆ ಕಂಬದ ಹತ್ತಿರ ಅಂತಿದೆ. ಕೆಳಗೆ. ಬಿದ್ದು ತಡೆಯೋಕೆ ತಡ ಆಗ್ತಿದೆ.'

'ಭಾನುವಾರ ಆರೂವರೆಗೆ ಬನ್ನಿ.'